ಪ್ರತಿಮೆಯೂ ಪ್ರಾಣವೂ

ಕೊಲ್ಹಾಪುರದ ಬಳಿಯ ಕಣೇರಿ ಸಿದ್ಧಗಿರಿ ಮಠದಲ್ಲಿ ಕಮ್ಮಾರ, ಕುಂಬಾರ, ಒಕ್ಕಲಿಗರ ಬದುಕೆಲ್ಲ ಸಿಮೆಂಟಿನ ಆಳೆತ್ತರದ ಪ್ರತಿಮೆಗಳಾಗಿ ನಿಂತಿದೆ. ಜೀವವಿದೆಯೆಂದು ಕಣ್ಣು ಕ್ಷಣಕಾಲ ನಂಬುತ್ತದೆ. ತಪ್ಪು ತಿಳಿದೊಡನೆ ನಗೆ ಮೂಡುತ್ತದೆ. ಪ್ರತಿಮೆಯು ಸಂಕಟದಲ್ಲಿರುವವನದಾದರೆ ಆ ನಗೆ ಅಷ್ಟು ಸುಲಭವಲ್ಲ.

ಕೆನಡಾದ ಶಿಲ್ಪಿ ಟಿಮೊತಿ ಶ್ಮಾಲ್ಜ್ ಅವರು ಬೆಂಚಿನ ಮೇಲೆ ಕಂಬಳಿ ಹೊದ್ದು ಮಲಗಿದ, ನೆಲೆಯಿಲ್ಲದ ಏಸುವನ್ನು ಕಂಚಿನಲ್ಲಿ ರೂಪಿಸಿದ್ದಾರೆ. ಮುಖ ಮರೆಯಾಗಿದೆ, ಪಾದಗಳ ಮೊಳೆಗಾಯವೇ ಗುರುತು. 2014ರಲ್ಲಿ ಅಮೆರಿಕದ ಡೇವಿಡ್ಸನ್ ಪಟ್ಟಣದಲ್ಲಿ ಅದನ್ನು ನಿಜವಾದ ನಿರ್ಗತಿಕನೆಂದೇ ಬಗೆದು ಒಬ್ಬರು ಪೊಲೀಸರನ್ನು ಕರೆದರು.

ಇಂಥಲ್ಲಿ ವಿಚಾರಿಸತಕ್ಕದ್ದು ಕಣ್ಣಿನ ಭ್ರಾಂತಿಯನ್ನಲ್ಲ, ಕರೆಯ ಉದ್ದೇಶವನ್ನು. ಅದು ‘ಎಬ್ಬಿಸಿ ಉಣಬಡಿಸಿರಿ’ ಎಂದಾಗಿರಬಹುದು. ‘ಎಬ್ಬಿಸಿ ಅಟ್ಟಿರಿ’ ಎಂದೂ ಆಗಿರಬಹುದು. ಮೊದಲನೆಯದಾದರೆ ನಾಚಬೇಕಾಗಿಲ್ಲ, ಕಂಚಿಗೆ ತೋರಿದ ಕರುಣೆಯೂ ಕರುಣೆಯೇ. ಎರಡನೆಯದಾದರೆ, ಮಲಗಿದವನು ಮನುಷ್ಯನೇ ಆಗಿದ್ದರೂ ಆ ನಡೆ ಸರಿಯಾಗುತ್ತಿರಲಿಲ್ಲ.

ಇದಕ್ಕಿಂತ ಘೋರವಾದದ್ದು ತಿರುಗುಮುರುಗಾದ ತಪ್ಪು: ಬದುಕಿರುವವನನ್ನು ಪ್ರತಿಮೆಯೆಂಬಂತೆ ದಾಟಿ ಹೋಗುವುದು. ಇಚಲಕರಂಜಿಯಾಗಲಿ ಗಡಹಿಂಗ್ಲಜವಾಗಲಿ, ಬಸ್ ನಿಲ್ದಾಣದಲ್ಲಿ ನಡೆಯುವ ಆ ತಪ್ಪಿಗೆ ಯಾರೂ ನಗುವುದಿಲ್ಲ. ಅದು ತಪ್ಪೆಂದು ತೋರುವುದೂ ಇಲ್ಲ. ಸ್ಥಾವರ–ಜಂಗಮಗಳ ವಿವೇಕವನ್ನು ವಚನಕಾರರಿಂದ ಪಡೆದ ನಮಗೆ, ಮನುಷ್ಯನ ಬಳಿ ನಿಲ್ಲದೆ ಹೋಗುವುದಕ್ಕಿಂತ ಪ್ರತಿಮೆಯ ಬಳಿ ನಿಂತು ಮೋಸಹೋಗುವುದೇ ಲೇಸು.