ಸೋವಿಯ ಆಸೆ

ಹೋದ ಆಷಾಢಮಾಸದಲ್ಲಿ ನಮ್ಮ ಮನೆಯ ಉಗ್ರಾಣವನ್ನು ಬರಿದುಮಾಡಿ ಸುಣ್ಣ ಬಳಿಸಬೇಕಾಗಿ ಬಂದಿತು. ಒಳಗಿನ ಸಾಮಾನುಗಳನ್ನು ನನ್ನ ಮನೆಯಾಕೆ ಒಂದೊಂದಾಗಿ ಹಜಾರಕ್ಕೆ ತಂದು ಸಾಲಾಗಿ ಇಟ್ಟಳು. ಪಾತ್ರೆ ತೊಳೆಯುವ ಸೋಪಿನ ಬಿಲ್ಲೆಗಳು 23. ಹಲ್ಲುಜ್ಜುವ ಪೇಸ್ಟಿನ ಪೆಟ್ಟಿಗೆಗಳು 14. ಹುಳು ಬಿದ್ದ ಗೋಧಿಹಿಟ್ಟಿನ ಚೀಲಗಳು 2. ಮನೆಯಲ್ಲಿ ಯಾರೊಬ್ಬರೂ ಕುಡಿಯದ ಹಣ್ಣಿನ ಷರಬತ್ತಿನ ಸೀಸೆಗಳು 6. ಇವನ್ನೆಲ್ಲ ಕೊಂಡು ತಂದವನು ನಾನೇ. ನೆಲಮಂಗಲದಲ್ಲಿ ತುಮಕೂರಿನ ದಾರಿಯೂ ಹಾಸನದ ದಾರಿಯೂ ಕವಲೊಡೆಯುವುದರಿಂದ ಹೆದ್ದಾರಿಯ ಬದಿಯಲ್ಲಿ ದೊಡ್ಡ ಮಳಿಗೆಗಳಿಗೆ ಕೊರತೆಯಿಲ್ಲ. ಕೆಲಸದಿಂದ ವಿಶ್ರಾಂತನಾದ ಮೇಲೆ ಸಂಜೆಯ ಗಾಳಿಸೇವನೆಯ ನೆಪದಲ್ಲಿ ಅಂಥದೊಂದಕ್ಕೆ ಹೋಗಿಬರುವುದು ನನಗೆ ರೂಢಿಯಾಗಿತ್ತು. ಒಂದಕ್ಕೆ ಒಂದು ಉಚಿತವೆಂದು ಬರೆದ ಹಲಗೆಯನ್ನು ಕಂಡ ಕೂಡಲೆ ಕೈ ತಾನಾಗಿ ಮುಂದಕ್ಕೆ ಹೋಗುತ್ತಿತ್ತು.

ಪಾಠಶಾಲೆಯಲ್ಲಿ ನಮಗೆ ಪತಂಜಲಿಮುನಿಯು ಹೇಳಿದ ಐದು ಯಮಗಳನ್ನು ಬಾಯಿಪಾಠ ಮಾಡಿಸಿದ್ದರು. ಅವುಗಳಲ್ಲಿ ಕೊನೆಯದು ಅಪರಿಗ್ರಹ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ ಎಂಬ ಮೊದಲ ನಾಲ್ಕರಲ್ಲಿ ಮನುಷ್ಯನು ತಪ್ಪಿದಾಗ, ತಪ್ಪಿದೆನೆಂದು ಅವನ ಅಂತರಂಗಕ್ಕಾದರೂ ತಿಳಿಯುತ್ತದೆ. ಐದನೆಯದರ ಸಂಗತಿ ಬೇರೆ. ಅದನ್ನು ಮೀರುತ್ತಿರುವವನು ತನ್ನನ್ನು ಮಿತವ್ಯಯಿಯೆಂದೇ ಎಣಿಸಿಕೊಂಡಿರುತ್ತಾನೆ. ಆ 23 ಬಿಲ್ಲೆಗಳನ್ನು ತರುವಾಗ ನಾನು ಮನೆತನಕ್ಕೆ ಉಪಕಾರಮಾಡುತ್ತಿದ್ದೇನೆಂದೇ ನಂಬಿದ್ದೆನು. ಸೋವಿಯಾಗಿ ದೊರೆಯುವುದನ್ನು ಬಯಸುವುದು ದೋಷವೆ? ದೋಷವಾದರೆ ಅದು ಯಾವ ಹೆಜ್ಜೆಯಲ್ಲಿ ದೋಷವಾಗತೊಡಗುತ್ತದೆ? ವಾಚಕಮಹಾಶಯರು ಇದನ್ನು ಅಲ್ಪವಿಷಯವೆಂದು ತಳ್ಳಿಹಾಕಬಾರದು. ಧರ್ಮವು ಹೆಚ್ಚಾಗಿ ಸೋರಿಹೋಗುವುದು ಇಂಥ ಸಣ್ಣ ತೂತುಗಳಲ್ಲಿಯೇ.

ಬೆಲೆ ಕೇಳಿ, ಚೌಕಾಶಿಮಾಡಿ ಕೊಳ್ಳುವುದರಲ್ಲಿ ಯಾವ ಪಾಪವೂ ಇಲ್ಲ. ಉಪಾಧ್ಯಾಯನ ಸಂಬಳದಲ್ಲಿ ಸಂಸಾರ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಪೇಟೆಬೀದಿಗಳಲ್ಲಿ ಕೊಸರು ಎಂಬ ಒಂದು ಸಂಪ್ರದಾಯವುಂಟು. ಅಳತೆ ಮುಗಿದ ಮೇಲೆ ಮಾರುವಾಕೆ ಒಂದು ಹಿಡಿ ಅವರೆಕಾಯನ್ನೋ ನಾಲ್ಕೆಸಳು ಕೊತ್ತಂಬರಿಯನ್ನೋ ಚೀಲಕ್ಕೆ ಎಸೆಯುತ್ತಾಳೆ. ಕೊಳ್ಳುವವನು ಅದನ್ನು ಕೇಳಿಯೇ ಪಡೆಯುತ್ತಾನೆ, ಆಕೆಯೂ ಗೊಣಗಿಕೊಂಡೇ ಕೊಡುತ್ತಾಳೆ. ಮರುದಿನ ಇಬ್ಬರೂ ಮತ್ತೆ ಅಲ್ಲಿಯೇ ಇರುತ್ತಾರೆ. ಆದರೆ ಕೊಸರಿಗಾಗಿ ಅವರೆಕಾಯನ್ನು ಕೊಂಡವರುಂಟೆ? ಬೇಕಾದುದು ಮೊದಲು, ಕೊಸರು ಆಮೇಲೆ. ದೊಡ್ಡ ಮಳಿಗೆಯ ರಿಯಾಯತಿಯಲ್ಲಿ ಈ ಕ್ರಮವು ತಲೆಕೆಳಗಾಗುತ್ತದೆ. ಕೊಸರು ಮೊದಲು ಕಣ್ಣಿಗೆ ಬೀಳುತ್ತದೆ. ಅದರ ಹಿಂದೆ ಬೇಕೆಂಬ ಭಾವನೆಯು ಹುಟ್ಟುತ್ತದೆ. ನನ್ನ ಷರಬತ್ತಿನ ಸೀಸೆಗಳ ಚರಿತ್ರೆಯೆಲ್ಲ ಇಷ್ಟೆ.

ಇಷ್ಟಕ್ಕೂ ಆ ರಿಯಾಯತಿ ಯಾವುದರ ಮೇಲಿನದು? 1990ರಿಂದೀಚೆಗೆ ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ಗರಿಷ್ಠ ಮಾರಾಟದ ಬೆಲೆಯನ್ನು ಅಚ್ಚುಮಾಡುವ ಪದ್ಧತಿಯಿದೆ. ಅದಕ್ಕಿಂತ ಹೆಚ್ಚಾಗಿ ವಸೂಲುಮಾಡಬಾರದೆಂಬುದು ಕೊಳ್ಳುವವನ ರಕ್ಷಣೆಗಾಗಿ ಏರ್ಪಟ್ಟ ಕಟ್ಟಳೆ. ಅಚ್ಚುಹಾಕುವವನು ಮಾತ್ರ ತಯಾರಿಸುವವನೇ. ತಾನೇ ಬರೆದ ಅಂಕೆಯಿಂದ ತಾನೇ ಕೆಲವನ್ನು ಕಳೆದು ತೋರಿಸಿದರೆ ನಾವು ಸಂತೋಷಪಡುತ್ತೇವೆ. ಕೌಟಿಲ್ಯನಾದರೋ ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ್ದಕ್ಕೆ ನೂರಕ್ಕೆ ಹತ್ತು ಎಂದು ವರ್ತಕನ ಲಾಭವನ್ನೇ ಗೊತ್ತುಮಾಡಿದನು. ಇದಕ್ಕಿಂತ ಬೆಂಗಳೂರಿನ ಬಟ್ಟೆಯಂಗಡಿಗಳವರ ಆಷಾಢದ ಮಾರಾಟದಲ್ಲಿ ಹೆಚ್ಚಿನ ಪ್ರಾಮಾಣಿಕತೆಯಿದೆಯೆಂದು ನನ್ನ ಅಭಿಪ್ರಾಯ. ಆ ತಿಂಗಳಲ್ಲಿ ಮದುವೆ ಗೃಹಪ್ರವೇಶಗಳಿಲ್ಲ, ಗಿರಾಕಿಗಳಿಲ್ಲ, ಆದುದರಿಂದ ಬೆಲೆ ಇಳಿಸುತ್ತಾರೆ. ಕಾರಣವು ಎಲ್ಲರಿಗೂ ತಿಳಿದದ್ದೇ.

ಈ ವ್ಯಾಪಾರದ ಪರಾಕಾಷ್ಠೆಯನ್ನು ಕಾಣಬೇಕಾದರೆ ಅಮೆರಿಕಾ ದೇಶಕ್ಕೆ ಹೋಗಬೇಕು. ಅಲ್ಲಿ ತಯಾರಕರು ಪತ್ರಿಕೆಗಳಲ್ಲಿ ಕೂಪನ್ನುಗಳನ್ನು ಅಚ್ಚುಹಾಕಿಸುತ್ತಾರೆ. ಗಿರಾಕಿಯು ಅದನ್ನು ಕತ್ತರಿಸಿ ಅಂಗಡಿಗೆ ಕೊಟ್ಟರೆ ಅಷ್ಟು ಹಣ ವಜಾ ಆಗುತ್ತದೆ; ಅಂಗಡಿಯವನು ಆ ಮೊತ್ತವನ್ನು ತಯಾರಕನಿಂದ ಪಡೆದುಕೊಳ್ಳುತ್ತಾನೆ. ಅಂಗಡಿಯು ತನ್ನ ರಿಯಾಯತಿಯನ್ನೂ ಅದರೊಡನೆ ಸೇರಿಸಿಕೊಟ್ಟಾಗ ವಸ್ತುವು ಪುಕ್ಕಟೆಯಾಗಿ ಬಂದುಬಿಡುವುದೂ ಉಂಟು. 2008ರ ಆರ್ಥಿಕ ಮುಗ್ಗಟ್ಟಿನ ತರುವಾಯ ಕೂಪನ್ನುಗಳ ಬಳಕೆಯು ಅಲ್ಲಿ ಬಹಳ ಹೆಚ್ಚಿತು. ಕೆಲಸ ಕಳೆದುಕೊಂಡ ಮನೆಗಳಿಗೆ ಅದು ಊರುಗೋಲಾಗಿತ್ತೆಂಬುದನ್ನು ನಾವು ಮರೆಯಬಾರದು. ಆದರೆ 2010ರ ಡಿಸೆಂಬರಿನಲ್ಲಿ ಟಿ.ಎಲ್.ಸಿ. ಎಂಬ ದೂರದರ್ಶನ ವಾಹಿನಿಯು ‘ಎಕ್ಸ್‌ಟ್ರೀಮ್ ಕೂಪನಿಂಗ್’ ಎಂಬ ಕಾರ್ಯಕ್ರಮದ ಮೊದಲ ಕಂತನ್ನು ತೋರಿಸಿತು. 2011ರ ಏಪ್ರಿಲಿನಿಂದ ಅದು ಸಾಲಾಗಿ ಬರತೊಡಗಿತು. ಗೃಹಿಣಿಯೊಬ್ಬಳು ಹಲವು ತಳ್ಳುಗಾಡಿಗಳ ತುಂಬ ಸಾಮಾನು ತುಂಬಿಸಿಕೊಂಡು ಬರುತ್ತಾಳೆ. ಲೆಕ್ಕವು ನೂರಾರು ಡಾಲರಿಗೆ ಏರುತ್ತದೆ. ಅನಂತರ ಕೂಪನ್ನುಗಳನ್ನು ಒಂದೊಂದಾಗಿ ಎಣಿಸಿದಂತೆ ಆ ಅಂಕೆಯು ಇಳಿಯುತ್ತ ಬಂದು ಕೆಲವೇ ಡಾಲರಿನಲ್ಲಿ ನಿಲ್ಲುತ್ತದೆ. ನೋಡುವವನ ಉಸಿರು ಮೇಲಕ್ಕೂ ಕೆಳಕ್ಕೂ ಆಡುವುದು ಆ ಅಂಕೆಯ ಜೊತೆಯಲ್ಲಿ. ಹಸಿದವರಾರು, ಉಣ್ಣುವವರಾರು ಎಂಬ ವಿಚಾರವು ಅಲ್ಲಿ ಹಿಂದಕ್ಕೆ ಸರಿಯುತ್ತದೆ. ಗೆದ್ದಳೊ ಇಲ್ಲವೊ ಎಂಬುದೊಂದೇ ಮುಂದೆ ನಿಲ್ಲುತ್ತದೆ. ಬಳಿಕ ಮನೆಯೊಳಗಿನ ದಾಸ್ತಾನನ್ನು ತೋರಿಸುತ್ತಾರೆ: ಮಲಗುವ ಕೋಣೆಯವರೆಗೂ ಹಬ್ಬಿದ ಕಪಾಟುಗಳು, ಅವುಗಳ ತುಂಬ ಒಂದೇ ಬಗೆಯ ಪೊಟ್ಟಣಗಳು.

ನಮ್ಮ ಶಾಸ್ತ್ರಕಾರರು ಇಲ್ಲದ್ದನ್ನು ಪಡೆಯುವುದಕ್ಕೆ ಯೋಗವೆಂದೂ ಪಡೆದದ್ದನ್ನು ಕಾಪಾಡುವುದಕ್ಕೆ ಕ್ಷೇಮವೆಂದೂ ಹೆಸರಿಟ್ಟರು. ಪುಕ್ಕಟೆಯಾಗಿ ಬಂದ ವಸ್ತುವಿನ ಯೋಗಕ್ಕೆ ಬೆಲೆಯಿಲ್ಲದಿರಬಹುದು, ಕ್ಷೇಮಕ್ಕೆ ಉಂಟು. ಅದಕ್ಕೆ ಸ್ಥಳ ಬೇಕು, ನೆನಪು ಬೇಕು, ಹುಳು ಬೀಳದಂತೆ ಬಿಸಿಲಿಗೆ ಹಾಕುವ ಕೈ ಬೇಕು. ನಮ್ಮ ಮನೆಯಲ್ಲಿ ಆ ಕೈ ನನ್ನದಾಗಿರಲಿಲ್ಲ. ಉಳಿತಾಯದ ಕೀರ್ತಿ ನನಗೆ, ಕಾಪಾಡುವ ದುಡಿಮೆ ಆಕೆಗೆ. ಹಿಟ್ಟಿಗೆ ಹುಳು ಬಿದ್ದುದಕ್ಕೆ ಆಕೆಯನ್ನೇ ಕೇಳಿದೆನೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಅಮೆರಿಕದ ಮಾತನ್ನು ಇಷ್ಟು ಹೇಳಿ ನಗುವುದು ಸುಲಭ. ಆದರೆ 2023ರ ಏಪ್ರಿಲಿನಲ್ಲಿ ನಮ್ಮ ಮಲ್ಲೇಶ್ವರದಲ್ಲಿಯೇ, ಮೈಸೂರು ರೇಷ್ಮೆಯ ರಿಯಾಯತಿ ಮಾರಾಟದಲ್ಲಿ, ಇಬ್ಬರು ಹೆಂಗಸರು ಒಂದು ಸೀರೆಗಾಗಿ ಜುಟ್ಟು ಹಿಡಿದು ಹೊಡೆದಾಡಿದರು. ಯಾರೋ ಅದನ್ನು ಮೊಬೈಲ್ ಫೋನಿನಲ್ಲಿ ಚಿತ್ರಿಸಿಕೊಂಡರು. ಕೆಲವೇ ದಿನಗಳಲ್ಲಿ ದೇಶವೆಲ್ಲ ಅದನ್ನು ನೋಡಿತು, ವಾರ್ತಾವಾಹಿನಿಗಳೂ ತೋರಿಸಿದುವು. ಬಿಡಿಸಲು ಬಂದವರು ಒಂದೆಡೆ. ಸುತ್ತಲಿದ್ದ ಇತರರು ತಲೆಯೆತ್ತದೆ ಸೆರಗುಗಳನ್ನು ಬಿಡಿಸಿ ನೋಡುತ್ತಲೇ ಇದ್ದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅದನ್ನು ನನಗೂ ಕಳುಹಿಸಿದನು. ನಾನು ನಕ್ಕೆನು. ಒಮ್ಮೆಯಲ್ಲ, ಮೂರು ನಾಲ್ಕು ಸಲ ಹಾಕಿ ನೋಡಿ ನಕ್ಕು, ಲೋಭವನ್ನು ಕುರಿತು ಒಂದು ಶ್ಲೋಕವನ್ನೂ ಹೇಳಿ, ನನ್ನ ಮನೆಯಾಕೆಗೆ ತೋರಿಸಿದೆನು.

ಆಕೆ ನಗಲಿಲ್ಲ. ಸ್ವಲ್ಪ ಹೊತ್ತು ನೋಡಿ, “ಯಾವ ಬಣ್ಣದ ಸೀರೆಯೋ ಕಾಣಿಸುವುದೇ ಇಲ್ಲವಲ್ಲ” ಎಂದಳು.

“ಬಣ್ಣ ಕಟ್ಟಿಕೊಂಡು ಏನಾಗಬೇಕು ನಿನಗೆ?”

“ನಾನೂ ಒಂದು ಸಲ ಹಾಗೆ ಹಿಡಿದುಕೊಂಡಿದ್ದೆ. ನಮ್ಮ ಹುಡುಗಿಯ ಮದುವೆಯ ಹಿಂದಿನ ವರ್ಷ. ಆ ಕಡೆಯ ಸೆರಗು ಇನ್ನೊಬ್ಬಾಕೆಯ ಕೈಯಲ್ಲಿತ್ತು. ನಾನು ಬಿಟ್ಟುಬಿಟ್ಟೆ. ಬಿಡದಿದ್ದರೆ ನಿಮ್ಮ ಹಾಗೆ ಯಾರೋ ನಗುತ್ತಿದ್ದರು.”

ಮೈಸೂರಿನ ರೇಷ್ಮೆ ಕಾರ್ಖಾನೆಯು 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದದ್ದು. ಅಪ್ಪಟ ಜರಿಯ ಆ ಸೀರೆಯು ಉಪಾಧ್ಯಾಯನ ಮನೆಗೆ ಬರುವುದು ರಿಯಾಯತಿಯ ಬಾಗಿಲಿನಿಂದ ಮಾತ್ರ ಎಂಬುದನ್ನು ನಾನು ಯಾವಾಗಲೂ ಬಲ್ಲೆ. ಆಕೆ ಹೋಗಿ ನಿಂತು ಬರಿಗೈಯಲ್ಲಿ ಹಿಂದಿರುಗಿದ್ದಳೆಂಬುದನ್ನು ಮಾತ್ರ ಆ ದಿನ ತಿಳಿದೆನು. ಬೇಕಾದುದಕ್ಕಾಗಿ ಕೈಚಾಚಿ ಬಿಟ್ಟುಕೊಟ್ಟವಳು ಒಬ್ಬಳು. ಬೇಡದ್ದನ್ನು ಸಾಲಾಗಿ ತಂದು ತುಂಬಿದವನು ನಾನು. ಮಲ್ಲೇಶ್ವರದ ಆ ಇಬ್ಬರಲ್ಲಿ ಯಾರು ಎಷ್ಟು ವರ್ಷ ಕಾದು ಬಂದಿದ್ದರೋ ಚಿತ್ರದಲ್ಲಿ ಬರೆದಿರಲಿಲ್ಲ. ಅವರ ಆಸೆಯಲ್ಲಿ ತೆಗೆದು ತೋರಿಸಬಹುದಾದ ಅರ್ಧ ನಿಮಿಷವನ್ನು ಯಾರೋ ತೆಗೆದರು, ಮಿಕ್ಕದ್ದನ್ನು ಬಿಟ್ಟರು. ನಾನು ಒಂದು ಕಾಸನ್ನೂ ಕೊಡದೆ ಅದನ್ನು ನಾಲ್ಕು ಸಲ ಅನುಭವಿಸಿದೆನು. ನಿಯಮಗಳನ್ನು ಎಣಿಸುವವರು ಇದನ್ನು ಅಪರಿಗ್ರಹದ ಲೋಪದಲ್ಲಿ ಸೇರಿಸುವರೋ, ಅಹಿಂಸೆಯ ಲೋಪದಲ್ಲಿ ಸೇರಿಸುವರೋ ಬಲ್ಲವರು ಹೇಳಲಿ. ನನಗಂತೂ ಎರಡರಲ್ಲಿಯೂ ಪಾಲಿದೆಯೆಂದು ತೋರುತ್ತದೆ.

ಸೋಪಿನ ಬಿಲ್ಲೆಗಳನ್ನು ನೆರೆಹೊರೆಯವರಿಗೆ ಹಂಚಿದೆವು. ಆ ಸೀರೆಯ ಬಣ್ಣ ಯಾವುದೆಂದು ಕೇಳಿದೆನು. ಗಿಳಿಹಸಿರು, ಅರಿಸಿನದ ಅಂಚು ಎಂದಳು. ಇಷ್ಟು ವರ್ಷಗಳ ಮೇಲೂ ಒಂದು ಕ್ಷಣ ತಡವರಿಸಲಿಲ್ಲ.