ಹೇಳಿದಂತೆ ಮಾಡುವುದಷ್ಟೇ ವಿಧೇಯತೆಯೇ?



ಆಜ್ಞೆ ಮಾಡುವವನ ಹೊಣೆ ದೊಡ್ಡದೋ, ಆಜ್ಞೆಯನ್ನು ಪಾಲಿಸುವವನ ಹೊಣೆ ದೊಡ್ಡದೋ? ತಂದೆತಾಯಿಯರು, ಗುರುಗಳು, ಅಧಿಕಾರಿಗಳು, ಹೀಗೆ ಯಾರ ಮಾತು ನಡೆಯುತ್ತದೆಯೋ ಅವರೆಲ್ಲರೂ ಒಮ್ಮೆಯಾದರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಇದಕ್ಕೆ ಉತ್ತರ ಹುಡುಕಲು ನಾವಿಂದು ಒಬ್ಬ ವಿಚಿತ್ರ ಶಿಕ್ಷಕನ ಬಳಿಗೆ ಹೋಗೋಣ. ಆ ಶಿಕ್ಷಕನೆಂದರೆ ಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿರುವ ಹಳೆಯ ಗಣಕಯಂತ್ರ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಅದರ ಮುಂದಿನ ಆವೃತ್ತಿಯನ್ನು ಹೊರುವ ಅರ್ಹತೆ ಅನೇಕ ಹಳೆಯ ಯಂತ್ರಗಳಿಗಿಲ್ಲ. ಹಾಗೆಂದು ಅವುಗಳನ್ನು ಗುಜರಿಗೆ ಹಾಕಲೇಬೇಕೆಂದಿಲ್ಲ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಆರಂಭಿಸಿದ ಲಿನಕ್ಸ್ ಇಂದು ಉಚಿತವಾಗಿ ದೊರೆಯುತ್ತದೆ. ಅದರ ಹಗುರವಾದ ರೂಪಗಳು ಮುಪ್ಪಾದ ಯಂತ್ರದಲ್ಲೂ ನಡೆಯುತ್ತವೆ. ಬಳಸಿ ಬಿಸಾಡುವ ಸಂಸ್ಕೃತಿಯ ಕುರಿತು ಜಗದ್ಗುರು ಫ್ರಾನ್ಸಿಸ್‌ರವರು 2015ರ ತಮ್ಮ ವಿಶ್ವಪತ್ರದಲ್ಲಿ ಎಚ್ಚರಿಸಿದ್ದನ್ನು ಬಲ್ಲ ನಮಗೆ ಇದೊಂದು ಸಣ್ಣ ಸತ್ಕಾರ್ಯವೇ ಸರಿ.

ಇಂತಹ ಯಂತ್ರದೊಡನೆ ವ್ಯವಹರಿಸುವ ಹಳೆಯ ವಿಧಾನವೊಂದುಂಟು. ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ. ಕಪ್ಪು ಪರದೆಯ ಮೇಲೆ ಮಿನುಗುವ ಒಂದು ಗುರುತು, ಅದರ ಮುಂದೆ ನಾವು ಟೈಪ್ ಮಾಡುವ ಆಜ್ಞೆ, ಅಷ್ಟೆ. ಇದಕ್ಕೆ ಕಮಾಂಡ್ ಲೈನ್ ಎಂದು ಹೆಸರು. ಕಲಿಯುವವನಿಗೆ ಮೊದಲು ಹೇಳಿಕೊಡುವ ಆಜ್ಞೆಗಳಲ್ಲಿ ಒಂದು 'ಪಿಡಬ್ಲ್ಯುಡಿ'. ನಮ್ಮ ಲೋಕೋಪಯೋಗಿ ಇಲಾಖೆಯನ್ನು ನೆನಪಿಸಿದರೂ ಅದರ ಕೆಲಸ ಬೇರೆ: ನಾನೀಗ ಯಾವ ಕಡತಕೋಶದಲ್ಲಿ ನಿಂತಿದ್ದೇನೆಂದು ಅದು ತಿಳಿಸುತ್ತದೆ. ಇನ್ನೊಂದು 'ಎಲ್‌ಎಸ್': ಇಲ್ಲಿ ಏನೇನಿದೆ ಎಂಬುದನ್ನು ತೋರಿಸುತ್ತದೆ. ಮತ್ತೊಂದು 'ಮ್ಯಾನ್': ಯಾವುದೇ ಆಜ್ಞೆಯ ಕೈಪಿಡಿಯನ್ನು ಓದಲು ತೆರೆದಿಡುತ್ತದೆ. ನಕಲು ಮಾಡುವ, ಸ್ಥಳ ಬದಲಿಸುವ, ಅಳಿಸುವ ಆಜ್ಞೆಗಳು ಇವುಗಳ ಅನಂತರ ಬಂದರೆ ಒಳ್ಳೆಯದು. ಎಲ್ಲಿ ನಿಂತಿದ್ದೇನೆ, ಎದುರಿಗೆ ಏನಿದೆ, ನನ್ನ ಮಾತಿನ ಪರಿಣಾಮವೇನು ಎಂಬುದನ್ನು ತಿಳಿಯದವನು ಅಪ್ಪಣೆ ಕೊಡಲು ಇನ್ನೂ ಸಿದ್ಧನಾಗಿಲ್ಲ.

ಈ ಕ್ರಮವೇಕೆ ಮುಖ್ಯವೆಂಬುದು 'ಆರ್‌ಎಮ್' ಎಂಬ ಆಜ್ಞೆಯ ಬಳಿ ತಿಳಿಯುತ್ತದೆ. ಕಡತದ ಹೆಸರಿನೊಡನೆ ಆ ಎರಡಕ್ಷರ ಬರೆದು ಎಂಟರ್ ಒತ್ತಿದರೆ ಕಡತ ಹೋಯಿತು. ಸಾಮಾನ್ಯವಾಗಿ ಯಂತ್ರವು 'ನಿಜವಾಗಿಯೂ ಅಳಿಸಲೇ?' ಎಂದು ಕೇಳುವುದಿಲ್ಲ. ಅಳಿಸಿದ್ದು ಕಸದಬುಟ್ಟಿಯಲ್ಲಿಯೂ ಇರುವುದಿಲ್ಲ. ಕೆಲಸವಾಯಿತೆಂದು ಹೇಳುವುದೂ ಇಲ್ಲ. ಮೌನವಾಗಿ ಮುಂದಿನ ಆಜ್ಞೆಗೆ ಕಾಯುತ್ತದೆ. ಅದರ ಲೋಕದಲ್ಲಿ ಮೌನವೆಂದರೆ ಎಲ್ಲವೂ ಸುಸೂತ್ರ ಎಂದರ್ಥ. ನಮ್ಮ ಮನಸ್ಸಿನಲ್ಲಿ ಏನಿತ್ತೆಂಬುದು ಅದಕ್ಕೆ ಬೇಡ, ನಾವು ಬರೆದದ್ದೇನೆಂಬುದಷ್ಟೇ ಸಾಕು. ಹೀಗೆ ಆಲೋಚನೆಯ ಭಾರವೆಲ್ಲವೂ ಆಜ್ಞಾಪಿಸಿದವನ ಹೆಗಲಿಗೇ ಬೀಳುತ್ತದೆ.

ಇದಕ್ಕೂ ಮೇಲೊಂದು ಅಧಿಕಾರವಿದೆ. 'ಸುಡೋ' ಎಂಬ ಪದವನ್ನು ಮುಂದಿಟ್ಟು ಬರೆದರೆ ಇಡೀ ವ್ಯವಸ್ಥೆಯ ಒಡೆಯನ ಅಧಿಕಾರದಿಂದ ಆಜ್ಞೆ ನಡೆಯುತ್ತದೆ. ಹಲವು ಲಿನಕ್ಸ್ ವ್ಯವಸ್ಥೆಗಳು ಮೊದಲ ಸಲ ಈ ಅಧಿಕಾರ ಕೊಡುವಾಗ ಮೂರು ಬುದ್ಧಿಮಾತು ಹೇಳುತ್ತವೆ: ಇತರರ ಖಾಸಗಿತನವನ್ನು ಗೌರವಿಸು, ಬರೆಯುವ ಮುನ್ನ ಯೋಚಿಸು, ಅಧಿಕಾರ ಹೆಚ್ಚಿದಷ್ಟೂ ಹೊಣೆ ಹೆಚ್ಚೆಂದು ತಿಳಿ. ಅಧಿಕಾರ ವಹಿಸಿಕೊಳ್ಳುವ ಯಾರಿಗಾದರೂ ಹೇಳಬಹುದಾದ ಮಾತುಗಳಿವು.

ಈಗ ನಮ್ಮ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ನೋಡೋಣ. ಹೇಳಿದ್ದನ್ನು ತಡಮಾಡದೆ, ಗೊಣಗದೆ, ಎದುರಾಡದೆ ಮಾಡುವ ಈ ಯಂತ್ರವನ್ನು ಯಾರಾದರೂ ಸದ್ಗುಣಿಯೆಂದು ಹೊಗಳಿದ್ದಾರೆಯೇ? ಇಲ್ಲ. ಏಕೆಂದರೆ ಅದು ಪಾಲಿಸುತ್ತದೆಯೇ ಹೊರತು ಆಲಿಸುವುದಿಲ್ಲ. ವಿಧೇಯತೆಯನ್ನು ಸೂಚಿಸುವ ಲತೀನ್ ಪದದ ಮೂಲದಲ್ಲಿರುವುದು 'ಕಿವಿಗೊಡುವುದು' ಎಂಬ ಅರ್ಥ. ನಮ್ಮ ಕನ್ನಡವಂತೂ ಇನ್ನೂ ಮುಂದೆ ಹೋಗಿದೆ. 'ಕೇಳು' ಎಂಬ ಒಂದೇ ಪದ ನಮಗೆ ಆಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ಹಿರಿಯರ ಮಾತಿನಂತೆ ನಡೆಯುವುದಕ್ಕೂ ಸಲ್ಲುತ್ತದೆ. ಆಲಿಸಿ, ಅರಿಯದಿದ್ದರೆ ಪ್ರಶ್ನಿಸಿ, ಅನಂತರ ಮನಸಾರೆ ನಡೆಯುವುದೇ ಪೂರ್ಣವಾದ 'ಕೇಳುವಿಕೆ'.

ಮಾತೆ ಮರಿಯಮ್ಮನವರು ಕೇಳಿದ್ದು ಹೀಗೆಯೇ. ದೇವದೂತನ ಸಂದೇಶಕ್ಕೆ ಅವರು ಕೂಡಲೇ ತಲೆಯಾಡಿಸಲಿಲ್ಲ. ಇದು ಆಗುವುದು ಹೇಗೆಂದು ಪ್ರಶ್ನಿಸಿದರು. ದೇವರು ಆ ಪ್ರಶ್ನೆಯನ್ನು ಅವಿಧೇಯತೆಯೆಂದು ಎಣಿಸಲಿಲ್ಲ. ದೂತನಿಂದ ಉತ್ತರ ದೊರೆಯಿತು. ಆನಂತರ ಬಂದ ಸಮ್ಮತಿ ಲೋಕರಕ್ಷಣೆಗೆ ದಾರಿಯಾಯಿತು. ಸೃಷ್ಟಿಕರ್ತನೇ ತನ್ನ ಸೃಷ್ಟಿಯ ಪ್ರಶ್ನೆಗೆ ಎಡೆಕೊಟ್ಟಿರುವಾಗ ನಾವು ನಮ್ಮ ಮಕ್ಕಳ ಪ್ರಶ್ನೆಯನ್ನು ಉದ್ಧಟತನವೆಂದು ಬಗೆಯುವುದು ಯಾವ ನ್ಯಾಯ?

ನಾವು ಎಡವುವುದು ಇಲ್ಲಿಯೇ. ಯಂತ್ರದ ಮೌನಕ್ಕಿರುವ ಅರ್ಥವನ್ನೇ ನಾವು ಮನೆಯವರ ಮೌನಕ್ಕೂ ಹಚ್ಚುತ್ತೇವೆ. ಮಗ ಇಂಥದ್ದನ್ನೇ ಓದಬೇಕೆಂದು ತಂದೆ ಹೇಳುತ್ತಾರೆ, ಮಗ ಮಾತನಾಡುವುದಿಲ್ಲ. ಮಗಳ ಮದುವೆಯ ಮಾತುಕತೆ ಮುಗಿಯುತ್ತದೆ, ಅವಳು ತಲೆ ತಗ್ಗಿಸಿ ನಿಂತಿರುತ್ತಾಳೆ. ಧರ್ಮಕೇಂದ್ರದ ಸಭೆಯಲ್ಲಿ ಸ್ವಾಮಿಗಳು ತೀರ್ಮಾನ ಓದುತ್ತಾರೆ, ಯಾರೂ ಬಾಯಿ ತೆರೆಯುವುದಿಲ್ಲ. ಎಲ್ಲರೂ ಒಪ್ಪಿದರೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಮನುಷ್ಯನ ಮೌನದಲ್ಲಿ ಭಯವಿರಬಹುದು, ನೋವಿರಬಹುದು, ಹೇಳಿ ಫಲವಿಲ್ಲವೆಂಬ ನಿರಾಶೆಯಿರಬಹುದು. ನಮ್ಮ ಒಂದು ಮಾತಿಗೆ ಅವರೊಳಗೆ ಏನು ಅಳಿಸಿಹೋಯಿತೆಂಬುದು ಪರದೆಯ ಮೇಲೆ ಮೂಡುವುದಿಲ್ಲ.

ಶುಭಸಂದೇಶದ ಶತಾಧಿಪತಿಯನ್ನು ನೆನೆಯಿರಿ. ಆತನ ಒಂದು ಮಾತಿಗೆ ಸೈನಿಕರು ಹೋಗುತ್ತಿದ್ದರು, ಬರುತ್ತಿದ್ದರು. ಅಂತಹವನು ಪ್ರಭು ಯೇಸುವಿನ ಮುಂದೆ ಬಂದದ್ದು ಅಧಿಕಾರ ತೋರಿಸಲಲ್ಲ, ಕಾಯಿಲೆಬಿದ್ದ ತನ್ನ ಸೇವಕನಿಗಾಗಿ ಬೇಡಿಕೊಳ್ಳಲು. ತಾನೂ ಮತ್ತೊಬ್ಬರ ಅಧೀನದಲ್ಲಿರುವವನೆಂಬ ಅರಿವು ಆತನಿಗಿತ್ತು. ತನ್ನ ಆಜ್ಞೆ ಪಾಲಿಸುವವನ ಸಂಕಟವೂ ತಿಳಿದಿತ್ತು. ಪರಮಪ್ರಸಾದ ಸ್ವೀಕರಿಸುವ ಮುನ್ನ ಪ್ರತಿ ಬಲಿಪೂಜೆಯಲ್ಲಿಯೂ ನಾವು ಪ್ರಾರ್ಥಿಸುವುದು ಆತನ ಮಾತುಗಳಿಂದಲೇ.

ಆದುದರಿಂದ ಮನೆಯ ಹಳೆಯ ಯಂತ್ರವನ್ನು ಎಸೆಯುವ ಮುನ್ನ ಮಕ್ಕಳೊಡನೆ ಕುಳಿತು ನಾಲ್ಕು ಆಜ್ಞೆಗಳನ್ನು ಕಲಿಯಿರಿ. ಈ ವಿಷಯದಲ್ಲಿ ಬಹುಶಃ ಅವರೇ ನಿಮಗೆ ಗುರುಗಳಾದಾರು. ಆಗ ಕೇಳುವ ಸರದಿ ನಿಮ್ಮದು. ಯಂತ್ರಕ್ಕೆ ಆಜ್ಞೆ ಕೊಡುವಾಗ ಎಚ್ಚರದಿಂದಿರಿ. ಮನುಷ್ಯರಿಗೆ ಆಜ್ಞೆ ಕೊಟ್ಟಾಗಲೋ, ಕೊಟ್ಟ ಬಳಿಕ ಒಂದು ಕ್ಷಣ ನಿಂತು, 'ನಿನಗೇನನ್ನಿಸುತ್ತದೆ?' ಎಂದು ಕೇಳಿರಿ.