ಲಜ್ಜೆ ಎಲ್ಲಿಯವರೆಗೆ?

ಓದುಗ ಸೋದರಿಯರೇ, ಇಲ್ಲಿ ಬರೆಯಹೊರಟಿರುವ ವಿಷಯವನ್ನು ನಾವು ಮನೆಯಲ್ಲಿ ಬಾಯಿಬಿಟ್ಟು ಮಾತನಾಡುವುದಿಲ್ಲ. ತಾಯಿ ಮಗಳಿಗೆ ಹೇಳುವುದಿಲ್ಲ, ಅತ್ತೆ ಸೊಸೆಯನ್ನು ಕೇಳುವುದಿಲ್ಲ, ಹೆಂಡತಿ ಗಂಡನ ಮುಂದೆ ಎತ್ತುವುದಿಲ್ಲ. ಗರ್ಭಕಂಠದ ಕ್ಯಾನ್ಸರ್ ಮತ್ತು ಅದನ್ನು ಮೊದಲೇ ಪತ್ತೆ ಹಚ್ಚುವ ಪರೀಕ್ಷೆ, ಇದೇ ಆ ವಿಷಯ. ಈ ಪುಟಗಳು ಮನೆಯ ಎಲ್ಲರ ಕೈಗೂ ಹೋಗುತ್ತವೆ ಎಂಬುದನ್ನು ಬಲ್ಲೆ. ಬಲ್ಲುದರಿಂದಲೇ ಬರೆಯುತ್ತಿದ್ದೇನೆ. ಓದಿದ ಮೇಲೆ ನಿಮ್ಮ ಯಜಮಾನರಿಗೂ ಕೊಡಿ, ಇದರಲ್ಲಿ ಅವರಿಗೆ ಸೇರಿದ ಮಾತುಗಳೂ ಇವೆ.

ಗರ್ಭಕೋಶದ ಬಾಯಿಯನ್ನು ಗರ್ಭಕಂಠ ಎನ್ನುತ್ತಾರೆ. ಅಲ್ಲಿ ಹುಟ್ಟುವ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್ ಕಾರಣ. ಇದನ್ನು ಕಂಡುಹಿಡಿದ ಜರ್ಮನಿಯ ವಿಜ್ಞಾನಿ ಹರಾಲ್ಡ್ ಝುರ್ ಹೌಸೆನ್‌ರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ವೈರಸ್ ಬಹಳ ಸಾಮಾನ್ಯವಾದದ್ದು. ಹೆಚ್ಚಿನವರಲ್ಲಿ ದೇಹವೇ ಅದನ್ನು ಒಂದೆರಡು ವರ್ಷಗಳಲ್ಲಿ ಹೊರದೂಡುತ್ತದೆ. ಕೆಲವರಲ್ಲಿ ಮಾತ್ರ ಅದು ಅಲ್ಲಿಯೇ ನೆಲೆಯೂರಿ ಕಣಗಳನ್ನು ನಿಧಾನವಾಗಿ ಕೆಡಿಸುತ್ತದೆ. ಕೆಟ್ಟ ಕಣಗಳು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷ ಬೇಕು. ಅಷ್ಟು ಕಾಲವೂ ನೋವಿಲ್ಲ, ರಕ್ತಸ್ರಾವವಿಲ್ಲ, ಏನೊಂದೂ ಗೊತ್ತಾಗುವುದಿಲ್ಲ. ಆ ಅವಧಿಯಲ್ಲಿ ಕಂಡುಹಿಡಿದರೆ ಕೆಲವೇ ನಿಮಿಷಗಳ ಚಿಕಿತ್ಸೆಯಿಂದ ಕೆಟ್ಟ ಭಾಗವನ್ನು ನಿವಾರಿಸಬಹುದು, ಗರ್ಭಕೋಶ ತೆಗೆಯಬೇಕಾಗಿಲ್ಲ. ಇಷ್ಟು ದೀರ್ಘವಾದ ಕಾಲಾವಕಾಶ ಕೊಡುವ ಕ್ಯಾನ್ಸರ್ ಅಪರೂಪ. ಹೀಗಿದ್ದೂ 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ 1,27,000ಕ್ಕೂ ಹೆಚ್ಚು ಮಹಿಳೆಯರಿಗೆ ಈ ರೋಗ ಬಂದಿತು, ಸುಮಾರು 80,000 ಮಂದಿ ತೀರಿಕೊಂಡರು. ದಿನವೊಂದಕ್ಕೆ ಇನ್ನೂರಕ್ಕೂ ಹೆಚ್ಚು ತಾಯಂದಿರು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರನ್ನು, ನೀವು ಎಂದಾದರೂ ಈ ಪರೀಕ್ಷೆ ಮಾಡಿಸಿಕೊಂಡಿದ್ದೀರಾ ಎಂದು ಕೇಳಲಾಯಿತು. ಇಡೀ ದೇಶದಲ್ಲಿ ಹೌದು ಎಂದವರು ನೂರಕ್ಕೆ ಇಬ್ಬರೂ ಇಲ್ಲ.

ಬನ್ನೂರನ್ನೇ ತೆಗೆದುಕೊಳ್ಳಿ. ತಿ. ನರಸೀಪುರ ತಾಲೂಕಿನ ಈ ಪಟ್ಟಣದಿಂದ ಮೈಸೂರು ಸುಮಾರು ಇಪ್ಪತ್ತೈದು ಕಿಲೋಮೀಟರ್. ಊರಲ್ಲೇ ಸರ್ಕಾರಿ ಆಸ್ಪತ್ರೆ ಇದೆ. ಮೈಸೂರಿಗೆ ಹೋದರೆ ಹೆಂಗಸರಿಗೆಂದೇ ಇರುವ ಚೆಲುವಾಂಬ ಆಸ್ಪತ್ರೆ ಇದೆ. ಮಗಳ ಮದುವೆಯ ಬಟ್ಟೆಗೆ ನಾವು ಇದೇ ದಾರಿಯಲ್ಲಿ ಮೂರು ಸಲ ಬಸ್ ಹತ್ತುತ್ತೇವೆ. ಆದ್ದರಿಂದ ನಮ್ಮಂಥ ಊರುಗಳ ಮಟ್ಟಿಗೆ ದೂರವನ್ನು ಕಾರಣವಾಗಿ ಹೇಳುವುದು ಸರಿಯಾಗಲಾರದು. ಅಡ್ಡ ಬರುವುದು ಬೇರೆ, ಅದಕ್ಕೆ ನಾವು ಲಜ್ಜೆ ಎಂಬ ಗೌರವದ ಹೆಸರನ್ನು ಕೊಟ್ಟಿದ್ದೇವೆ.

ಲಜ್ಜೆ ವಿಶ್ವಾಸದ ಒಂದು ಶಾಖೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅದನ್ನು ಹಗುರವಾಗಿ ಕಾಣುವ ಮಾತು ಇಲ್ಲಿ ಇಲ್ಲ. ಆದರೆ ಆ ಪಾಠವನ್ನು ನೇರವಾಗಿ ಅವರಿಂದಲೇ ಕಲಿತ ಹೆಂಗಸರು ಹೇಗೆ ನಡೆದುಕೊಂಡರು ಎಂಬುದನ್ನು ನೋಡಬೇಡವೇ? ಹಝ್ರತ್ ಫಾತಿಮಾ ಬಿಂತ್ ಅಬೀ ಹುಬೈಶ್(ರ) ಅವರಿಗೆ ನಿಲ್ಲದ ರಕ್ತಸ್ರಾವವಿತ್ತು. ಅವರು ಪ್ರವಾದಿವರ್ಯರ(ಸ) ಬಳಿಗೇ ಬಂದು, ತಾನು ಶುದ್ಧಳಾಗುತ್ತಲೇ ಇಲ್ಲ, ನಮಾಝ್ ಬಿಡಬೇಕೇ ಎಂದು ಕೇಳಿದರು. ಪ್ರವಾದಿವರ್ಯರು(ಸ) ಮುಖ ತಿರುಗಿಸಲಿಲ್ಲ, ಹೆಂಗಸರನ್ನು ಕೇಳಿಕೋ ಎಂದು ಕಳಿಸಲಿಲ್ಲ. ಅದು ಮುಟ್ಟಿನ ರಕ್ತವಲ್ಲ, ಒಂದು ನರದಿಂದ ಬರುವ ರಕ್ತ ಎಂದು ಬಿಡಿಸಿ ಹೇಳಿ, ನಮಾಝಿನ ದಾರಿ ತೋರಿಸಿದರು. ಹಝ್ರತ್ ಉಮ್ಮು ಹಬೀಬಾ ಬಿಂತ್ ಜಹ್ಶ್(ರ) ಏಳು ವರ್ಷ ಇದೇ ತೊಂದರೆ ಅನುಭವಿಸಿದರು, ಅವರೂ ಕೇಳಿದರು. ಹಝ್ರತ್ ಉಮ್ಮು ಸುಲೈಮ್(ರ) ಅವರು ಕೇಳಿದ ಒಂದು ಪ್ರಶ್ನೆಯಂತೂ ಇಂದು ನಮ್ಮ ಮನೆಗಳಲ್ಲಿ ಅಕ್ಕತಂಗಿಯರ ನಡುವೆಯೂ ಹೊರಡಲಾರದು. ಸತ್ಯದ ವಿಷಯದಲ್ಲಿ ಅಲ್ಲಾಹನು ಸಂಕೋಚಪಡುವುದಿಲ್ಲ ಎಂಬ ಪೀಠಿಕೆ ಹಾಕಿಯೇ ಅವರು ಅದನ್ನು ಕೇಳಿದರು. ಅನ್ಸಾರಿ ಹೆಂಗಸರಿಗೆ ಕಲಿಯಲು ಲಜ್ಜೆ ಅಡ್ಡಬರಲಿಲ್ಲವೆಂದು ಹಝ್ರತ್ ಆಯಿಶಾ(ರ) ಮೆಚ್ಚಿ ನುಡಿದಿದ್ದಾರೆ. ಹದೀಸ್ ಗ್ರಂಥಗಳಲ್ಲಿ ಮುಟ್ಟಿಗೇ ಒಂದು ಪ್ರತ್ಯೇಕ ಅಧ್ಯಾಯವಿದೆ, ಅದನ್ನು ಓದಿಸುವವರು ಗಂಡಸರು.

ಗಮನಿಸಿ, ಆ ಮಹನೀಯರು ಕೇಳಿದ್ದು ರಕ್ತದ ಬಗ್ಗೆ. ಇಂದಿನ ವೈದ್ಯರು ನಿಮ್ಮನ್ನು ಮೊದಲು ಕೇಳುವುದೂ ಅದನ್ನೇ. ಎರಡು ಮುಟ್ಟಿನ ನಡುವೆ ರಕ್ತ, ದಾಂಪತ್ಯದ ಸಂಪರ್ಕದ ನಂತರ ರಕ್ತ, ಮುಟ್ಟು ನಿಂತು ಹೋದ ಮೇಲೆ ಮತ್ತೆ ರಕ್ತ, ದುರ್ವಾಸನೆಯ ಬಿಳಿಸೆರಗು. ಇವು ಕಂಡವರು ಪರೀಕ್ಷೆಯ ಸರದಿಗಾಗಿ ಕಾಯಬಾರದು, ಆ ವಾರವೇ ವೈದ್ಯರನ್ನು ಕಾಣಬೇಕು. ನಮ್ಮ ಅಜ್ಜಿಯಂದಿರು ಮುಟ್ಟು ನಿಂತ ಮೇಲೆ ಬಂದ ರಕ್ತವನ್ನು ಮೈಕಾವು ಎಂದು ತಳ್ಳಿಹಾಕಿ ಮೆಂತ್ಯದ ನೀರು ಕುಡಿದರು. ಅವರಿಗೆ ತಿಳಿಸುವವರಿರಲಿಲ್ಲ. ನಿಮಗೆ ಹಾಗಲ್ಲ.

ಈಗ ನಿಜವಾದ ತೊಡಕಿಗೆ ಬರೋಣ. ವಿಚಾರವಂತ ಸೋದರಿಯೊಬ್ಬರು ಹೀಗೆ ವಾದಿಸಬಹುದು: 'ರೋಗ ಬಂದಾಗ ವೈದ್ಯರ ಮುಂದೆ ದೇಹ ತೋರಿಸಲು ಶರೀಅತ್ ಅನುಮತಿ ಕೊಟ್ಟಿದೆ, ಒಪ್ಪಿದೆ. ಅದು ಅನಿವಾರ್ಯತೆಯ ಅನುಮತಿ. ನನಗೆ ರೋಗವೇ ಇಲ್ಲ. ಆರೋಗ್ಯವಾಗಿರುವವಳು ಮರೆಮಾಡಬೇಕಾದ ಅಂಗವನ್ನು ಏಕೆ ತೋರಿಸಬೇಕು? ಬರುವುದಿದ್ದರೆ ಅಲ್ಲಾಹನ ವಿಧಿಯಂತೆ ಬರುತ್ತದೆ, ಹುಡುಕಿಕೊಂಡು ಹೋಗುವುದು ತವಕ್ಕುಲ್‌ಗೆ ವಿರುದ್ಧವಲ್ಲವೇ?' ಇದು ತಳ್ಳಿಹಾಕುವ ವಾದವಲ್ಲ.

ಅನಿವಾರ್ಯತೆ ಎಂದರೇನು ಎಂಬುದನ್ನು ರೋಗದ ಸ್ವಭಾವವೇ ನಿರ್ಧರಿಸುತ್ತದೆ. ನೋವಿನಿಂದ ಸೂಚನೆ ಕೊಡುವ ರೋಗದಲ್ಲಿ ನೋವಿಗಾಗಿ ಕಾಯಬಹುದು. ಈ ರೋಗ ಸೂಚನೆ ಕೊಡುವ ಹೊತ್ತಿಗೆ ಬಹುಪಾಲು ದೂರ ಹೋಗಿರುತ್ತದೆ. ಆಗ ಬೇಕಾಗುವುದು ದೊಡ್ಡ ಶಸ್ತ್ರಚಿಕಿತ್ಸೆ, ವಾರಗಟ್ಟಲೆ ವಿಕಿರಣ ಚಿಕಿತ್ಸೆ, ದಿನ ಬೆಳಗಾದರೆ ಮೈಸೂರು ಅಥವಾ ಬೆಂಗಳೂರು. ಅಲ್ಲಿ ಎಷ್ಟು ಜನ ವೈದ್ಯರು, ಎಷ್ಟು ಸಲ ದೇಹವನ್ನು ನೋಡಬೇಕಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ. ಐದು ವರ್ಷಕ್ಕೊಮ್ಮೆ ಒಬ್ಬ ನರ್ಸಮ್ಮನ ಮುಂದೆ ಕೆಲವು ನಿಮಿಷ ಮಲಗುವುದನ್ನು ಲಜ್ಜೆಯ ಹೆಸರಿನಲ್ಲಿ ತಪ್ಪಿಸಿಕೊಂಡವಳು ಲಜ್ಜೆಯನ್ನು ಉಳಿಸಿಕೊಂಡಂತಾಯಿತೇ?

ಇನ್ನೊಂದು ಮಾತು. ಬಸಿರು ರೋಗವಲ್ಲ. ಆದರೂ ತಿಂಗಳು ತಿಂಗಳು ತಪಾಸಣೆಗೆ ಹೋಗುತ್ತೇವೆ, ಹಿಂದೆ ಸೂಲಗಿತ್ತಿಯ ಮುಂದೆ ಮಲಗುತ್ತಿದ್ದೆವು. ಅದನ್ನು ಯಾವ ವಿದ್ವಾಂಸರೂ ಲಜ್ಜೆಗೇಡಿತನ ಎನ್ನಲಿಲ್ಲ. ಏಕೆಂದರೆ ಅಲ್ಲಿ ಮಗುವಿನ ಜೀವದ ಪ್ರಶ್ನೆ ಇತ್ತು. ನಮ್ಮ ಹೆಂಗಸರು ಹೊಟ್ಟೆಯಲ್ಲಿ ಮಗುವಿದ್ದಾಗ ಮಾತ್ರ ತಮ್ಮ ದೇಹಕ್ಕೆ ಬೆಲೆ ಕೊಡುತ್ತಾರೆ, ಕೊನೆಯ ಹೆರಿಗೆಯಾದ ಮೇಲೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಇಲ್ಲ. ಈ ಕಾಯಿಲೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಆ ನಂತರದ ವರ್ಷಗಳಲ್ಲೇ. ದೇಹ ನಮ್ಮದಲ್ಲ, ಅಮಾನತ್. ಒಪ್ಪಿಸಿದ ವಸ್ತುವನ್ನು ಅದು ಹಾಳಾದ ಸುದ್ದಿ ಬಂದ ಮೇಲೆ ಮಾತ್ರ ನೋಡುತ್ತೇನೆ ಎಂದು ಯಾವ ಕಾವಲುಗಾರನೂ ಹೇಳಲಾರ.

ತವಕ್ಕುಲ್‌ನ ವಿಷಯಕ್ಕೆ ಹಝ್ರತ್ ಉಮರ್(ರ) ಅವರ ಪ್ರಸಂಗ ಸಾಕು. ಸಿರಿಯಾಕ್ಕೆ ಹೊರಟಿದ್ದ ಅವರಿಗೆ ಸರ್ಗ್ ಎಂಬಲ್ಲಿ, ಮುಂದೆ ಪ್ಲೇಗ್ ಇದೆ ಎಂಬ ಸುದ್ದಿ ಬಂತು. ಸಮಾಲೋಚನೆ ಮಾಡಿ ಹಿಂದಿರುಗಲು ನಿಶ್ಚಯಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು ಹಝ್ರತ್ ಅಬೂ ಉಬೈದಾ(ರ) ಕೇಳಿದಾಗ, ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟರು. ಆಗ ಹಝ್ರತ್ ಉಮರ್(ರ) ಆರೋಗ್ಯವಾಗಿದ್ದರು ಎಂಬುದನ್ನು ಮರೆಯಬೇಡಿ. ಅವರದು ಚಿಕಿತ್ಸೆಯಲ್ಲ, ಮುನ್ನೆಚ್ಚರಿಕೆ.

ಪರೀಕ್ಷೆ ಹೇಗಿರುತ್ತದೆ ಎಂಬುದು ಗೊತ್ತಿಲ್ಲದೆ ಹೆದರುವವರೇ ಹೆಚ್ಚು. ಸರ್ಕಾರದ 2016ರ ಮಾರ್ಗಸೂಚಿಯ ಪ್ರಕಾರ 30ರಿಂದ 65 ವಯಸ್ಸಿನ ಪ್ರತಿಯೊಬ್ಬ ಮಹಿಳೆಗೂ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಆಗಬೇಕು. ಗರ್ಭಕಂಠಕ್ಕೆ ವಿನೆಗರ್‌ನಂಥ ತೆಳು ಆಮ್ಲವನ್ನು ಹತ್ತಿಯಿಂದ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಭಾಗವಿದ್ದರೆ ಬೆಳ್ಳಗಾಗುತ್ತದೆ. ಅರಿವಳಿಕೆ ಇಲ್ಲ, ಕತ್ತರಿಸುವುದಿಲ್ಲ, ಸ್ವಲ್ಪ ಉರಿದಂತಾಗಬಹುದು. ಮುಟ್ಟಿನ ದಿನಗಳಲ್ಲಿ ಮಾಡುವುದಿಲ್ಲ. ಬೆಳ್ಳಗಾದುದೆಲ್ಲ ಕ್ಯಾನ್ಸರ್ ಅಲ್ಲ, ಎಷ್ಟೋ ಸಲ ಏನೂ ಇರುವುದಿಲ್ಲ. ಮುಟ್ಟು ನಿಂತವರಲ್ಲಿ ಈ ಪರೀಕ್ಷೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲವಾದ್ದರಿಂದ ಅವರು ಪ್ಯಾಪ್ ಪರೀಕ್ಷೆ ಅಥವಾ ಎಚ್‌ಪಿವಿ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಇದಕ್ಕೆ ಗಂಡಸು ವೈದ್ಯನೇ ಬೇಕೆಂದಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಅಲ್ಲಿನ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ ಅಧ್ಯಯನ ನಡೆಸಿದರು. ಒಂದು ಗುಂಪಿಗೆ ಇದೇ ವಿನೆಗರ್ ಪರೀಕ್ಷೆ. ಮಾಡಿದವರು ಹತ್ತನೇ ತರಗತಿ ಓದಿ ತರಬೇತಿ ಪಡೆದ ಹೆಂಗಸರು. ಪರೀಕ್ಷೆಯಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆಯಾಗಿತ್ತು. ಹೆಂಗಸಿಗೆ ವೈದ್ಯೆಯೇ ಲೇಸು ಎಂಬ ಫಿಕ್ಹಿನ ಮಾತನ್ನು ಪಾಲಿಸಲು ಇದಕ್ಕಿಂತ ಸುಲಭದ ಪರೀಕ್ಷೆ ಯಾವುದಿದೆ? ನರ್ಸಮ್ಮನೇ ಮಾಡುತ್ತಾರೆಯೇ, ಪರದೆ ಇದೆಯೇ ಎಂದು ಮೊದಲೇ ವಿಚಾರಿಸಿ. ಕೇಳುವುದು ನಿಮ್ಮ ಹಕ್ಕು.

ಯಾರ ಮುಂದೆಯೂ ಮಲಗಲಾರೆ ಎನ್ನುವವರಿಗೂ ದಾರಿ ತೆರೆಯುತ್ತಿದೆ. ಎಚ್‌ಪಿವಿ ಪರೀಕ್ಷೆಗೆ ಬೇಕಾದ ಮಾದರಿಯನ್ನು ಮರೆಯಲ್ಲಿ ನಿಂತು ಹೆಂಗಸು ತಾನೇ ತೆಗೆದುಕೊಡಬಹುದು. ಮಲೇಶಿಯಾ ದೇಶದಲ್ಲಿ 2018ರಲ್ಲಿ ಆರಂಭವಾದ ಕಾರ್ಯಕ್ರಮವೊಂದು ಇದೇ ಕ್ರಮದ್ದು. ನಮ್ಮ ಮೈಸೂರಿನ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಸಂಸ್ಥೆಯವರು ಸುತ್ತಲಿನ ಹಳ್ಳಿಗಳ ಮಹಿಳೆಯರೊಂದಿಗೇ ಈ ವಿಧಾನವನ್ನು ಪರಿಶೀಲಿಸಿದ್ದಾರೆ. ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಇನ್ನೂ ಸಿಗುವುದಿಲ್ಲ ಎಂಬುದು ನಿಜ.

ಆಸ್ಪತ್ರೆಗೆ ಹೋದರೆ ಗರ್ಭಕೋಶ ತೆಗೆದುಬಿಡುತ್ತಾರೆ ಎಂಬ ಭಯವೂ ಇದೆ. ಅದು ಬರಿಯ ಭ್ರಮೆ ಎನ್ನಲಾರೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಿಳಿಸೆರಗು, ಹೊಟ್ಟೆನೋವು ಎಂದು ಹೋದ ಬಡ ಲಂಬಾಣಿ ಹೆಂಗಸರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆದ ಸಂಗತಿ 2015ರ ಸುಮಾರಿಗೆ ರಾಜ್ಯದಲ್ಲೇ ದೊಡ್ಡ ಸುದ್ದಿಯಾಗಿತ್ತು. ಕ್ಯಾನ್ಸರ್ ಬರುತ್ತದೆ ಎಂದು ಹೆದರಿಸಿದರೆ ಅಕ್ಷರ ಬಾರದ ಹೆಂಗಸು ಏನು ಮಾಡಿಯಾಳು? ಆದರೆ ಇದರಿಂದ ಕಲಿಯಬೇಕಾದ ಪಾಠ ಪರೀಕ್ಷೆ ಬೇಡ ಎಂಬುದಲ್ಲ. ಗರ್ಭಕೋಶ ತೆಗೆಯಬೇಕೆಂದು ಯಾರಾದರೂ ಹೇಳಿದರೆ, ಯಾವ ಪರೀಕ್ಷೆಯಲ್ಲಿ ಏನು ಕಂಡಿತು, ಬರೆದು ಕೊಡಿ ಎಂದು ಕೇಳಿ. ಆ ಚೀಟಿಯನ್ನು ಇನ್ನೊಬ್ಬ ವೈದ್ಯರಿಗೆ ತೋರಿಸಿ.

ಇನ್ನು ಸೋದರರಿಗೆ. ಈ ವೈರಸ್ ದಾಂಪತ್ಯದ ಸಂಪರ್ಕದಿಂದ ಹರಡುತ್ತದೆ ಎಂದು ಓದಿದ ಕೂಡಲೇ ಕೆಲವರ ಮನಸ್ಸು ಬೇರೆಡೆ ಓಡುತ್ತದೆ. ಪರೀಕ್ಷೆಯಲ್ಲಿ ಏನಾದರೂ ಕಂಡರೆ ಮನೆಯಲ್ಲಿ ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆಯಿಂದಲೇ ಎಷ್ಟೋ ಹೆಂಗಸರು ಹಿಂಜರಿಯುತ್ತಾರೆ. ಈ ವೈರಸ್ ವರ್ಷಗಟ್ಟಲೆ ಗೊತ್ತಾಗದೆ ಅಡಗಿರಬಲ್ಲದು. ಯಾವಾಗ ಬಂತು, ಯಾರಿಂದ ಬಂತು ಎಂಬುದನ್ನು ಯಾವ ವೈದ್ಯರೂ ಹೇಳಲಾರರು. ಗಂಡನಲ್ಲೇ ಇದ್ದಿರಬಹುದು, ಅವನಿಗೂ ತಿಳಿಯದೆ. ಶೀಲವಂತೆಯ ಮೇಲೆ ಆರೋಪ ಹೊರಿಸುವವನಿಂದ ಪವಿತ್ರ ಕುರ್‌ಆನ್ ನಾಲ್ವರು ಸಾಕ್ಷಿಗಳನ್ನು ಕೇಳುತ್ತದೆ. ಪ್ರಯೋಗಾಲಯದ ಚೀಟಿಯನ್ನು ಅಲ್ಲಿ ಸಾಕ್ಷಿಯಾಗಿ ಹಿಡಿಯಲು ಬರುವುದಿಲ್ಲ.

ಇಂಥ ಅನುಮಾನದ ಮಾತು ನಿಮ್ಮ ಮನೆಯಲ್ಲಿ ಹುಟ್ಟುವುದಿಲ್ಲವೆಂದು ಹೆಂಡತಿಗೆ ಮೊದಲೇ ತಿಳಿದಿರಲಿ. ಹೋಗಿ ಬಾ ಎಂದು ನೀವಾಗಿ ಹೇಳಿ. ಅವಳು ಕೇಳಲಿ ಎಂದು ಕಾಯಬೇಡಿ, ಕೇಳುವುದಿಲ್ಲ. ಆ ದಿನ ಅಂಗಡಿಯ ಬಾಗಿಲು ಒಂದು ಗಂಟೆ ತಡವಾಗಿ ತೆರೆದರೆ, ಮಧ್ಯಾಹ್ನದ ಅಡುಗೆಯನ್ನು ಮಗಳು ನೋಡಿಕೊಂಡರೆ ಸಾಕು. ಒಂಬತ್ತರಿಂದ ಹದಿನಾಲ್ಕು ವಯಸ್ಸಿನ ಹೆಣ್ಣುಮಕ್ಕಳಿಗೆ ಈ ವೈರಸ್ ವಿರುದ್ಧ ಲಸಿಕೆ ಇದೆ, ಅದರ ಬಗ್ಗೆಯೂ ವೈದ್ಯರಲ್ಲಿ ವಿಚಾರಿಸಿ. ಮಗಳಿಗೆ ಲಸಿಕೆಯಾದರೂ ತಾಯಿಗೆ ಪರೀಕ್ಷೆ ಬೇಕೇ ಬೇಕು.

ಎಲ್ಲಿ, ಯಾವ ದಿನ ಎಂಬುದು ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಮೂವತ್ತು ದಾಟಿದವರ ಪಟ್ಟಿ ಬರೆದುಕೊಳ್ಳಲು ಅವರು ಬಂದಾಗ ಬಾಗಿಲಲ್ಲೇ ಸಾಗಹಾಕಬೇಡಿ. ಒಬ್ಬರೇ ಹೋಗಲು ಅಳುಕಾದರೆ ನಾದಿನಿಯನ್ನೋ ನೆರೆಮನೆಯ ಆಪಾರನ್ನೋ ಕರೆದುಕೊಳ್ಳಿ. ನಾಲ್ಕು ಜನ ಕೂಡಿ ಹೋದರೆ ಅರ್ಧ ಭಯ ಬಸ್ಸಿನಲ್ಲೇ ಕಳೆದಿರುತ್ತದೆ. ಬಿಳಿ ಮಚ್ಚೆ ಕಂಡಿದೆ, ಮೈಸೂರಿನಲ್ಲಿ ತೋರಿಸಿ ಎಂದು ಚೀಟಿ ಕೊಟ್ಟರೆ ಅದನ್ನು ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಟ್ಟುಬಿಡುವವರಿದ್ದಾರೆ. ಹಾಗೆ ಮಾಡಿದರೆ ಪರೀಕ್ಷೆ ಮಾಡಿಸಿಯೂ ಮಾಡಿಸದಂತೆಯೇ. ಚೀಟಿಯನ್ನು ಯಜಮಾನರಿಗೋ ಬುದ್ಧಿ ಬಂದ ಮಗನಿಗೋ ತೋರಿಸಿ. ಹೇಳಿದ ತಾರೀಖಿಗೆ ರಂಝಾನೋ ಮನೆಯ ಮದುವೆಯೋ ಅಡ್ಡ ಬಂದರೆ, ಇನ್ನೊಂದು ವಾರದ ತಾರೀಖನ್ನು ಅಲ್ಲಿಯೇ ಬರೆಸಿಕೊಂಡು ಬನ್ನಿ.